ಮಟ್ಟಿಯ ಮೇಲಿನ ತೀರ್ಪು: ನಂಜನಗೂಡು, ತಿ. ನರಸೀಪುರ ಸೀಮೆಯ ಕುಸ್ತಿ ಕಣ

ನಾಡಕುಸ್ತಿಯಲ್ಲಿ ಗೆಲುವಿಗಿರುವುದು ಒಂದೇ ಗುರುತು. ಎದುರಾಳಿಯ ಎರಡೂ ಭುಜಗಳು ಒಟ್ಟಿಗೆ ನೆಲಕ್ಕೆ ತಾಗಬೇಕು. ಪೈಲ್ವಾನರು ಇದನ್ನು ‘ಚಿತ್’ ಎನ್ನುತ್ತಾರೆ. ಅಂಕಗಳ ಲೆಕ್ಕವಿಲ್ಲದ ಈ ಆಟದ ನಿಯಮವನ್ನು ಚಿಕ್ಕ ಮಕ್ಕಳೂ ಬಲ್ಲರು. ತೀರ್ಪು ಕೊಡುವುದು ಮಾತ್ರ ಅಷ್ಟು ಸುಲಭವಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ತೀರ್ಪುಗಾರ ಒಂದು ಫೌಲನ್ನು ತಪ್ಪಾಗಿ ಕೊಟ್ಟರೆ ಒಂದೆರಡು ಅಂಕ ಹೋಗುತ್ತದೆ, ಆ ತಂಡಕ್ಕೆ ಅದನ್ನು ಮತ್ತೆ ಗಳಿಸಿಕೊಳ್ಳಲು ಸಮಯವಿರುತ್ತದೆ. ಕುಸ್ತಿಯಲ್ಲಿ ಚಿತ್ ಎಂದು ಸಾರಿದ ಕೂಡಲೇ ಆಟವೇ ಮುಗಿಯುತ್ತದೆ. ಆದ್ದರಿಂದ ಕಪಿಲೆ, ಕಾವೇರಿಯ ದಡದ ಊರುಗಳ ಕುಸ್ತಿ ಪದ್ಧತಿಯಲ್ಲಿ ತಪ್ಪನ್ನು ತಿದ್ದುವುದಕ್ಕಿಂತ ತಪ್ಪಿಗೆ ಎಡೆಗೊಡದಿರುವುದಕ್ಕೇ ಹೆಚ್ಚಿನ ಏರ್ಪಾಟುಗಳಿವೆ.

ಇದರ ಬೇರು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಮೀಸಲಾದ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡುವ ಕ್ರಮವನ್ನು ಅದು ಹೇಳುತ್ತದೆ. ಮೈಸೂರು ಸೀಮೆಯಲ್ಲಿ ಒಡೆಯರ ಕಾಲದಲ್ಲಿ ಕುಸ್ತಿಗೆ ಅರಮನೆಯ ಆಶ್ರಯ ದೊರೆಯಿತು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಸ್ವತಃ ಮಲ್ಲವಿದ್ಯೆಯಲ್ಲಿ ಹೆಸರಾದವರು. ತಿರುಚಿನಾಪಳ್ಳಿಯ ಜಟ್ಟಿಯೊಬ್ಬನನ್ನು ಅವರು ಗೆದ್ದ ಕಥೆ ಈಗಲೂ ಜನರ ಬಾಯಲ್ಲಿದೆ. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಆ ಪರಂಪರೆಯ ಉಳಿಕೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಅದರಲ್ಲಿ ಸೆಣಸುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಎಲ್ಲರ ಕಣ್ಣಿಗೂ ಕಾಣುವ ಗುರುತಾದ್ದರಿಂದ ಅಲ್ಲಿ ವಾದಕ್ಕೆ ಅವಕಾಶವೇ ಕಡಿಮೆ. ನಾಡಕುಸ್ತಿಯ ಚಿತ್‌ಗೆ ಅಂಥ ಕಲೆ ಉಳಿಯುವುದಿಲ್ಲ. ಭುಜ ತಾಗಿದ ಕ್ಷಣವನ್ನು ಯಾರಾದರೂ ಕಂಡಿರಲೇಬೇಕು.

ತಪ್ಪು ತಡೆಯುವ ಮೊದಲ ಕೆಲಸ ಕುಸ್ತಿಯ ದಿನಕ್ಕಿಂತ ಮುಂಚೆಯೇ ನಡೆಯುತ್ತದೆ. ಅದೇ ಜೋಡಿ ಕಟ್ಟುವುದು. ಪೈಲ್ವಾನರನ್ನು ಕರೆಸಿ, ತೂಕ, ಎತ್ತರ, ವಯಸ್ಸು, ಹಿಂದಿನ ಕುಸ್ತಿಗಳನ್ನು ನೋಡಿ, ಇಬ್ಬರ ಗರಡಿಯವರೂ ಒಪ್ಪಿದ ಮೇಲೆ ಜೋಡಿ ಗೊತ್ತುಮಾಡುತ್ತಾರೆ. ಮೈಸೂರು ದಸರಾ ಕುಸ್ತಿಗೆ ಈಗಲೂ ಜೋಡಿ ಕಟ್ಟುವ ಕಾರ್ಯಕ್ರಮ ಬೇರೆಯಾಗಿಯೇ ನಡೆಯುತ್ತದೆ. ಆಮೇಲೆ ಯಾರಿಗೆ ಯಾರು, ಎಷ್ಟು ಹೊತ್ತಿನ ಕುಸ್ತಿ ಎಂಬುದು ಕರಪತ್ರದಲ್ಲಿ ಅಚ್ಚಾಗುತ್ತದೆ. ಸಮಬಲರಲ್ಲದವರನ್ನು ಎದುರುಬದುರು ನಿಲ್ಲಿಸಿದರೆ ತೀರ್ಪುಗಾರ ಎಷ್ಟೇ ನಿಷ್ಠನಾಗಿದ್ದರೂ ಅನ್ಯಾಯವಾಯಿತೆಂಬ ಮಾತು ಬರುತ್ತದೆ. ಜೋಡಿ ಸರಿಯಿದ್ದರೆ ಅಂಥ ಅನುಮಾನ ಕಣಕ್ಕೆ ಬರುವ ಮೊದಲೇ ನೀಗುತ್ತದೆ.

ಎರಡನೆಯದು ಕಣದ ಸಿದ್ಧತೆ. ಕೆಮ್ಮಣ್ಣನ್ನು ಹದ ಮಾಡಿ ಮಟ್ಟಿ ಕಟ್ಟುತ್ತಾರೆ, ಪೂಜೆ ಮಾಡಿ ಪಂದ್ಯ ಆರಂಭಿಸುತ್ತಾರೆ. ಹಿಡಿತ ಜಾರದಂತೆ ಪೈಲ್ವಾನರು ಮೈಗೆ ಮಣ್ಣು ಎರಚಿಕೊಳ್ಳುತ್ತಾರೆ. ಇದರಿಂದ ಒಂದು ತೊಡಕೂ ಉಂಟು. ಬೆನ್ನಿಗೆ ಮಣ್ಣು ಹತ್ತಿದೆ ಎಂಬುದೊಂದೇ ಸೋಲಿಗೆ ಸಾಕ್ಷಿಯಾಗಲಾರದು. ಉರುಳುವಾಗ ಒಂದು ಭುಜ ತಾಗಿ, ಅದು ಎದ್ದ ಮೇಲೆ ಇನ್ನೊಂದು ತಾಗಿದರೂ ಬೆನ್ನೆಲ್ಲ ಮಣ್ಣಾಗುತ್ತದೆ. ಎರಡೂ ಭುಜ ಒಂದೇ ಕ್ಷಣದಲ್ಲಿ ತಾಗಿದ್ದನ್ನು ನೋಡಲು ತೀರ್ಪುಗಾರ ಜೋಡಿಯ ಜೊತೆಯಲ್ಲೇ ಸುತ್ತುತ್ತಿರಬೇಕು, ಬೇಕಾದರೆ ಬಗ್ಗಿ ನೆಲಮಟ್ಟಕ್ಕೆ ಕಣ್ಣಿಡಬೇಕು. ಈ ಕಣ್ಣು ಗರಡಿಯಲ್ಲಿ ಪಳಗಿದವರಿಗೇ ಬರುತ್ತದೆ. ಯಾವ ಪಟ್ಟಿನ ನಂತರ ಮೈ ಎತ್ತ ತಿರುಗುತ್ತದೆ ಎಂದು ತಿಳಿದವನು ಭುಜ ಬೀಳುವ ಕಡೆಗೆ ಮೊದಲೇ ಸರಿದಿರುತ್ತಾನೆ. ಕುಸ್ತಿ ಬಿಟ್ಟ ಹಿರಿಯ ಪೈಲ್ವಾನರೂ ಉಸ್ತಾದರೂ ತೀರ್ಪಿಗೆ ನಿಲ್ಲುವುದು ಇದಕ್ಕಾಗಿಯೇ.

ಇಷ್ಟಾದರೂ ಸಂದೇಹ ಉಳಿಯುವುದುಂಟು. ಸಂದೇಹದ ಮೇಲೆ ಗೆಲುವು ಕೊಡಬಾರದು ಎಂಬುದು ಕಣದ ವಿವೇಕ. ಜೋಡಿ ಮಟ್ಟಿಯ ಅಂಚಿಗೆ ಹೋದರೆ ಬಿಡಿಸಿ ನಡುವೆ ತಂದು ಮತ್ತೆ ಹಿಡಿಸುತ್ತಾರೆ. ಗೊತ್ತುಮಾಡಿದ ಸಮಯದೊಳಗೆ ಯಾರೂ ಚಿತ್ ಆಗದಿದ್ದರೆ ಕುಸ್ತಿಯನ್ನು ಸಮವೆಂದು ಬಿಡಿಸುತ್ತಾರೆ. ಇಬ್ಬರ ಕೈಯನ್ನೂ ಎತ್ತಿ ಕಳುಹಿಸುವುದು ತಪ್ಪು ತೀರ್ಪಿಗಿಂತ ಎಷ್ಟೋ ಮೇಲು.

ಹೊಸ ಕಾಲದ ಮ್ಯಾಟ್ ಕುಸ್ತಿ ಈ ಸಮಸ್ಯೆಗೆ ಬೇರೆ ದಾರಿ ಹುಡುಕಿತು. ಅಂತರರಾಷ್ಟ್ರೀಯ ನಿಯಮದಂತೆ ಮ್ಯಾಟ್ ಮೇಲೆ ಒಬ್ಬ ರೆಫರಿ, ಪಕ್ಕದಲ್ಲಿ ಒಬ್ಬ ಜಡ್ಜ್, ಇಬ್ಬರ ಮೇಲೆ ಮ್ಯಾಟ್ ಚೇರ್‌ಮನ್ ಇರುತ್ತಾರೆ. ರೆಫರಿಯ ಎಡಗೈಗೆ ಕೆಂಪು, ಬಲಗೈಗೆ ನೀಲಿ ಪಟ್ಟಿ. ಯಾವ ಬಣ್ಣದ ಕೈಯೆತ್ತಿ ಎಷ್ಟು ಬೆರಳು ತೋರಿಸಿದರೆಂಬುದು ದೂರದವರಿಗೂ ಕಾಣುತ್ತದೆ. ಅಂಕವಾಗಲಿ ಚಿತ್ ಆಗಲಿ ಒಬ್ಬರ ಮಾತಿನಿಂದ ನಿಲ್ಲುವುದಿಲ್ಲ, ಮೂವರಲ್ಲಿ ಇಬ್ಬರು ಒಪ್ಪಬೇಕು. ತೀರ್ಪು ಸರಿಯಿಲ್ಲವೆನಿಸಿದರೆ ತರಬೇತುದಾರರು ವಿಡಿಯೊ ನೋಡುವಂತೆ ಚಾಲೆಂಜ್ ಮಾಡಬಹುದು. ಅದು ಬಿದ್ದುಹೋದರೆ ಎದುರಾಳಿಗೆ ಒಂದು ಅಂಕ ಸಿಗುವುದರಿಂದ ಸುಮ್ಮಸುಮ್ಮನೆ ಯಾರೂ ಕೇಳುವುದಿಲ್ಲ.

ಬ್ಯಾಸ್ಕೆಟ್‌ಬಾಲ್ ನಡೆದ ಹಾದಿಯೂ ಹೀಗೆಯೇ ಇದೆ. 1891ರಲ್ಲಿ ಆ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಮೊದಲ 13 ನಿಯಮಗಳಲ್ಲೇ ಆಟಗಾರರನ್ನು ನೋಡಲು ಒಬ್ಬ, ಚೆಂಡನ್ನು ನೋಡಲು ಇನ್ನೊಬ್ಬ ತೀರ್ಪುಗಾರನನ್ನು ನೇಮಿಸಿದ್ದರು. ಕೊಡಬಾರದ ಫ್ರೀ ಥ್ರೋ ಕೊಡುವುದು, ಕೊಡಬೇಕಾದ್ದನ್ನು ಬಿಡುವುದು, ಬೇರೆ ಆಟಗಾರನಿಂದ ಎಸೆಸುವುದು ಇಂಥ ಕೆಲವು ತಪ್ಪುಗಳನ್ನು ಮಾತ್ರ, ಅದೂ ಗೊತ್ತಾದ ಗಡುವಿನೊಳಗೆ, ತಿದ್ದಲು ಇಂದಿನ ನಿಯಮ ಅವಕಾಶ ಕೊಡುತ್ತದೆ. ಗಡುವು ಮೀರಿದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಇಲ್ಲದಿದ್ದರೆ ಯಾವ ಪಂದ್ಯವೂ ಮುಗಿಯುವುದಿಲ್ಲ.

ಮತ್ತೆ ನಮ್ಮ ಸೀಮೆಯ ಕಣಗಳಿಗೆ ಬಂದರೆ, ನಂಜನಗೂಡು ತಾಲ್ಲೂಕಿನಲ್ಲಿ ಕಪಿಲೆಯ ದಡದಲ್ಲಿರುವ ಸುತ್ತೂರಿನ ಜಾತ್ರೆಯಲ್ಲಿ ರಥೋತ್ಸವ, ತೆಪ್ಪೋತ್ಸವ, ದನಗಳ ಜಾತ್ರೆಗಳ ಜೊತೆಗೆ ಕುಸ್ತಿ ಪಂದ್ಯಾವಳಿಯೂ ಸೇರಿಕೊಂಡಿದೆ. ಮೈಸೂರಿನ ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಅಖಾಡದ ದಸರಾ ಕುಸ್ತಿ ಸುತ್ತಲಿನ ಹಳ್ಳಿಗಳ ಪೈಲ್ವಾನರಿಗೆ ದೊಡ್ಡ ಕಣ. ‘ದಸರಾ ಕಂಠೀರವ’, ‘ದಸರಾ ಕೇಸರಿ’ ಬಿರುದುಗಳ ಸಾಲಿಗೆ ಹೆಣ್ಣುಮಕ್ಕಳ ‘ದಸರಾ ಕಿಶೋರಿ’ಯೂ ಬಂದಿದೆ. ಈ ಸೀಮೆಯ ಪೈಲ್ವಾನರು ಈಗ ಮಣ್ಣಿನ ನಿಯಮ, ಮ್ಯಾಟಿನ ನಿಯಮ ಎರಡನ್ನೂ ಅರಿತಿರಬೇಕು. ಮ್ಯಾಟ್ ಮೇಲೆ ತಪ್ಪನ್ನು ವಿಡಿಯೊ ಹಿಡಿದುಕೊಡಬಲ್ಲದು. ಮಟ್ಟಿಯ ಮೇಲೆ ಆ ಹೊಣೆಯನ್ನು ಒಪ್ಪಿತವಾದ ಜೋಡಿ, ಸ್ಪಷ್ಟವಾದ ಒಂದೇ ನಿಯಮ, ಗರಡಿಯಲ್ಲಿ ಪಳಗಿದ ಕಣ್ಣು ಹೊರುತ್ತವೆ. ಕ್ಯಾಮೆರಾ ಇಲ್ಲದ ಹಳ್ಳಿಯ ಕಣಗಳಲ್ಲಿ ಕುಸ್ತಿಯ ಮರ್ಯಾದೆ ನಿಂತಿರುವುದು ಈ ಮೂರರ ಮೇಲೆಯೇ.