ರೇಡಿಯೋ ಲೈಸೆನ್ಸಿನಿಂದ ಮೊಬೈಲಿನವರೆಗೆ

ಬೆಂಗಳೂರು–ದಿಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹಾದುಹೋಗುವ ಮನ್ಮಾಡ್ ಜಂಕ್ಷನ್ನಿನಲ್ಲಿ ನಾವು ನಾಲ್ಕು ಜನ ಕನ್ನಡಿಗರು ಸೇರಿದರೆ ಮೊಬೈಲಿನ ಬೆಲೆಯದೇ ಮಾತು. ಒಂದು ಕಾಲಕ್ಕೆ ಇದೇ ಚರ್ಚೆ ರೇಡಿಯೋ ಕುರಿತು ನಡೆಯುತ್ತಿತ್ತು. ಆಗ ಪೆಟ್ಟಿಗೆ ಕೊಂಡರಷ್ಟೇ ಸಾಲದು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸು ನವೀಕರಿಸಬೇಕಿತ್ತು. 1980ರ ದಶಕದ ನಡುವೆ ಈ ಪದ್ಧತಿ ರದ್ದಾಯಿತು.

ಹೊರನಾಡಿನ ನಮ್ಮವರಿಗೆ ಆ ಖರ್ಚು ದಂಡವಾಗಿರಲಿಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಮೀಡಿಯಂ ವೇವ್ ಅಲೆಗಳನ್ನು ಹಗಲಿನಲ್ಲಿ ಅಯಾನುಗೋಳದ ಕೆಳಪದರ ಹೀರಿಕೊಳ್ಳುತ್ತದೆ; ರಾತ್ರಿ ಆ ಪದರ ಕರಗಿ, ಅಲೆಗಳು ಮೇಲಿನ ಪದರದಿಂದ ಪ್ರತಿಫಲಿಸಿ ದೂರದೂರಕ್ಕೆ ಇಳಿಯುತ್ತವೆ. ನೂರಾರು ಮೈಲಿಯಾಚೆಯ ಕನ್ನಡ ರಾತ್ರಿ ಕಿವಿಗೆ ಬೀಳುವುದು ಹೀಗೆ. ‘ಆಕಾಶವಾಣಿ’ ಎಂಬ ಹೆಸರು ಕೂಡ, ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ನಿಲಯದ್ದೇ.

ಟಿ.ವಿ.ಯ ಕಥೆ ಇನ್ನೂ ಸ್ವಾರಸ್ಯ. 1975–76ರ ‘ಸೈಟ್’ ಉಪಗ್ರಹ ಪ್ರಯೋಗದಿಂದಾಗಿ ಬೆಂಗಳೂರಿಗಿಂತ ಮೊದಲೇ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದನ್ನು ಕಂಡವು. ಒಂದೇ ಪೆಟ್ಟಿಗೆಯ ಮುಂದೆ ಊರೇ ಕೂಡುತ್ತಿತ್ತು.

ಇಂದು ಲೈಸೆನ್ಸಿಲ್ಲ, ರಾತ್ರಿಗೆ ಕಾಯಬೇಕಿಲ್ಲ. ಕನ್ನಡ ಅಂಗೈಯಲ್ಲೇ ಇದೆ. ಯಂತ್ರದ ಬೆಲೆಯ ಲೆಕ್ಕ ಹಾಕುವ ನಾವು, ಅದರಲ್ಲಿ ನಮ್ಮ ಮಕ್ಕಳು ದಿನಕ್ಕೆಷ್ಟು ಕನ್ನಡ ಕೇಳುತ್ತಾರೆಂಬ ಲೆಕ್ಕವನ್ನೂ ಇಡೋಣ.