ಕಂಪ್ಯೂಟರ್ ತಟ್ಟನೆ ನಿಲ್ಲುವುದೇಕೆ?

ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಹೇಳದೆ ಕೇಳದೆ ನಿಂತುಹೋಗುತ್ತದೆ. ಒಮ್ಮೆ ಪತ್ರ ಟೈಪು ಮಾಡುವಾಗ, ಇನ್ನೊಮ್ಮೆ ಸಿನಿಮಾ ನೋಡುವಾಗ, ಮತ್ತೊಮ್ಮೆ ಯಾರೂ ಮುಟ್ಟದೆ ಬಿಟ್ಟಿದ್ದಾಗ. ಮತ್ತೆ ಚಾಲೂ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. 'ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಸಿ' ಎಂಬುದು ಎಲ್ಲೆಡೆ ಕೇಳಿಬರುವ ಸಲಹೆ. ಹಾಗೆ ಮಾಡಿಸಿದರೆ ಮದುವೆಯ ಫೋಟೊ, ಅಂಗಡಿಯ ಲೆಕ್ಕ ಅಳಿಸಿಹೋಗಬಹುದು. ರೋಗ ಮಾತ್ರ ಹಾಗೆಯೇ ಉಳಿಯಬಹುದು. ಏಕೆಂದರೆ ರೋಗ ಸಾಫ್ಟ್‌ವೇರಿನಲ್ಲಿಯೇ ಇರಬೇಕೆಂದಿಲ್ಲ. ಈ ರೋಗದ ಇತಿಹಾಸವೇ ಇದಕ್ಕೆ ಸಾಕ್ಷಿ.

1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನ 'ಮಾರ್ಕ್-2' ಯಂತ್ರ ತಪ್ಪು ಮಾಡತೊಡಗಿತು. ಹುಡುಕಿದಾಗ 70ನೇ ರಿಲೇಯಲ್ಲಿ ಸಿಕ್ಕಿದ್ದು ಒಂದು ಪತಂಗ! ದೋಷಕ್ಕೆ 'ಬಗ್' ಎನ್ನುವ ರೂಢಿ ಎಂಜಿನಿಯರುಗಳಲ್ಲಿ ಅದಕ್ಕೂ ಮೊದಲೇ ಇತ್ತು. ಅಲ್ಲಿನವರು ನಿಜವಾದ ಹುಳವನ್ನೇ ಹಿಡಿದು ದಿನಚರಿ ಪುಸ್ತಕಕ್ಕೆ ಅಂಟಿಸಿದರು.

1978ರಲ್ಲಿ ಇಂಟೆಲ್ ಕಂಪೆನಿಯ ವಿಜ್ಞಾನಿಗಳು ಇನ್ನೊಂದು ಗುಟ್ಟು ಬಯಲಿಗೆ ತಂದರು. ಮೆಮರಿ ಚಿಪ್ಪಿನಲ್ಲಿ 0 ಇದ್ದದ್ದು 1, 1 ಇದ್ದದ್ದು 0 ಆಗುತ್ತಿತ್ತು. ಚಿಪ್ಪಿನ ಪಿಂಗಾಣಿ ಹೊದಿಕೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ಯುರೇನಿಯಂ, ಥೋರಿಯಂಗಳಿಂದ ಹೊರಟ ಆಲ್ಫಾ ಕಣಗಳೇ ಅದಕ್ಕೆ ಕಾರಣವಾಗಿದ್ದವು.

ಹಾಗೆಂದು ಸಾಫ್ಟ್‌ವೇರ್ ನಿರಪರಾಧಿಯೇನೂ ಅಲ್ಲ. ವಿಂಡೋಸ್ 95 ಮತ್ತು 98 ಎಡೆಬಿಡದೆ 49.7 ದಿನ ಓಡಿದರೆ ನಿಂತುಬಿಡುವ ದೋಷ ಹೊಂದಿದ್ದವೆಂದು 1999ರಲ್ಲಿ ತಿಳಿದುಬಂತು. ಮಿಲಿಸೆಕೆಂಡುಗಳನ್ನು ಎಣಿಸುವ ಲೆಕ್ಕ ಅಷ್ಟಕ್ಕೆ ತುಂಬಿಹೋಗುತ್ತಿತ್ತು. ನಮ್ಮ ಕರೆಂಟಿನ ಕೃಪೆಯಿಂದ ಇಲ್ಲಿ ಆ ದೋಷ ಯಾರ ಕಣ್ಣಿಗೂ ಬಿದ್ದಿರಲಾರದು!

ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ 'ಭೂಮಿ' ಯೋಜನೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ರೈತರೂ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವಂತಾಯಿತು. ಇದೇ ಕಾಲಕ್ಕೆ ಜಗತ್ತಿನಾದ್ಯಂತ ಮದರ್‌ಬೋರ್ಡುಗಳಿಗೆ ಪಿಡುಗೊಂದು ತಗುಲಿತ್ತು. ಕೆಪಾಸಿಟರುಗಳಲ್ಲಿ ತುಂಬಿದ್ದ ದ್ರವ ಕಳಪೆಯಾಗಿದ್ದುದರಿಂದ ಅವು ಉಬ್ಬಿ, ಸೋರಿ, ಯಂತ್ರಗಳು ಕಂಡಕಂಡಾಗ ನಿಲ್ಲುತ್ತಿದ್ದವು. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೆ ತಾನೆ ಉಬ್ಬಿದ ಕೆಪಾಸಿಟರ್ ಇಳಿದೀತು?

2024ರ ಪ್ರಕರಣವಂತೂ ಇನ್ನೂ ಸ್ವಾರಸ್ಯಕರ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಆಟಗಳು ನಡುವೆಯೇ ಕುಸಿಯುತ್ತಿದ್ದವು. ಪರದೆಯ ಮೇಲೆ ಬರುತ್ತಿದ್ದ ದೂರು 'ಗ್ರಾಫಿಕ್ಸ್ ಮೆಮರಿ ಸಾಲದು' ಎಂದು. ನಿಜವಾದ ಕಾರಣ, ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಪಡೆದು ಸವೆಯುತ್ತಿದ್ದುದು. ಕೊನೆಗೆ ಕಂಪೆನಿ ತಿದ್ದುಪಡಿ ಹೊರಡಿಸಿತು. ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಪರದೆ ಬೆರಳು ತೋರಿಸಿದವನೇ ಕಳ್ಳನೆಂದು ನಂಬಬಾರದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಹಾಗಾದರೆ ನಮ್ಮ ಮನೆಯ ಯಂತ್ರದಲ್ಲಿ ಹುಡುಕುವುದೆಲ್ಲಿ? ಮೊದಲು ಕರೆಂಟಿನಲ್ಲಿ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಪಳಗಿಸಿ ಕೊಡುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಸರಬರಾಜು ತಪ್ಪಿದರೆ ಅದು ತಾಳಿಕೊಳ್ಳುವುದು ಸೆಕೆಂಡಿನ ಸುಮಾರು 60ರಲ್ಲಿ ಒಂದು ಭಾಗದಷ್ಟು ಕಾಲ ಮಾತ್ರ. ಹಳತಾದರೆ ಇನ್ನೂ ಕಡಿಮೆ. ದೀಪ ಮಿಣುಕಿದ್ದು ನಮಗೆ ಕಾಣದಿದ್ದರೂ ಕಂಪ್ಯೂಟರಿಗೆ ತಿಳಿಯುತ್ತದೆ. ಪಕ್ಕದ ಮೋಟಾರು ಚಾಲೂ ಆದಾಗಲೇ ಯಂತ್ರ ಮರುಚಾಲನೆಗೊಳ್ಳುತ್ತಿದ್ದರೆ ಯುಪಿಎಸ್, ಅರ್ಥಿಂಗ್, ಎಸ್‌ಎಂಪಿಎಸ್‌ಗಳನ್ನು ಪರೀಕ್ಷಿಸಬೇಕು.

ಎರಡನೆಯದು ಶಾಖ. ಹತ್ತಿ, ಗೋವಿನಜೋಳದ ಸುಗ್ಗಿಯ ಧೂಳು ಪ್ರೊಸೆಸರಿನ ಫ್ಯಾನಿಗೆ ಮೆತ್ತಿಕೊಂಡರೆ ಗಾಳಿ ಆಡುವುದಿಲ್ಲ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ರೊಸೆಸರ್ ಮೊದಲು ವೇಗ ತಗ್ಗಿಸುತ್ತದೆ. ಬಿಸಿ ಮೇಲೇರುತ್ತಲೇ ಹೋದರೆ ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಕೊಳ್ಳುತ್ತದೆ. ಪ್ಲಗ್ ಕಿತ್ತು, ಫ್ಯಾನು ತಿರುಗದಂತೆ ಹಿಡಿದು, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಬಹುದು. ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಮೂರನೆಯದು ಮೆಮರಿ. ನೀಲಿ ಪರದೆ ಪ್ರತಿಸಲ ಬೇರೆ ಬೇರೆ ಸಂಕೇತ ತೋರಿಸುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಬಹುದು. ವಿಂಡೋಸ್‌ನಲ್ಲಿಯೇ ಮೆಮರಿ ಪರೀಕ್ಷೆಯ ಸೌಲಭ್ಯವಿದೆ. ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಒಂದನ್ನು ತೆಗೆದಿಟ್ಟು ಎರಡು ದಿನ ನೋಡಿ, ಬಳಿಕ ಇನ್ನೊಂದನ್ನು. ಇವೆಲ್ಲ ಸರಿಯಿದ್ದು ಒಂದೇ ತಂತ್ರಾಂಶ ತೆರೆದಾಗ ಮಾತ್ರ ಯಂತ್ರ ನಿಂತರೆ ಆಗ ಸಾಫ್ಟ್‌ವೇರಿನ ಸರದಿ.

ಇದಕ್ಕೆಲ್ಲ ಬೇಕಾದುದು ದೊಡ್ಡ ವಿದ್ಯೆಯಲ್ಲ, ಒಂದು ನೋಟ್‌ಬುಕ್. ನಿಂತ ದಿನ, ವೇಳೆ, ಆಗ ನಡೆಯುತ್ತಿದ್ದ ಕೆಲಸ ಬರೆದಿಡಿ. ಮೊದಲು ಕಡತಗಳ ಪ್ರತಿ ತೆಗೆದಿಡಿ. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ನಾಲ್ಕನ್ನು ಒಮ್ಮೆಗೇ ಬದಲಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾದೀತು. ಹಾರ್ವರ್ಡ್‌ನವರ ಹುಳ ಇಂದಿಗೂ ನೆನಪಿನಲ್ಲಿರುವುದು ಅವರು ಅದನ್ನು ಹಿಡಿದದ್ದರಿಂದ ಮಾತ್ರವಲ್ಲ, ಬರೆದಿಟ್ಟಿದ್ದರಿಂದ.