ಕೆಚ್ಚಲುಬಾವಿನ ಹಾಲಿನಲ್ಲಿ ಮರೆಯಾಗುವ ಔಷಧನಿರೋಧಕ ಸ್ಟ್ಯಾಫಿಲೊಕಾಕಸ್: ಪತ್ತೆ ಹಾಗೂ ನಿರ್ವಹಣೆ

ಪೀಠಿಕೆ

ಹೈನುರಾಸುಗಳ ಕೆಚ್ಚಲುಬಾವಿಗೆ ಕಾರಣವಾಗುವ ಸೂಕ್ಷ್ಮಾಣುಗಳಲ್ಲಿ ಸ್ಟ್ಯಾಫಿಲೊಕಾಕಸ್ ಔರಿಯಸ್ ಪ್ರಮುಖವಾದುದು. ಇದರ ಕೆಲವು ತಳಿಗಳು ಪೆನಿಸಿಲಿನ್ ಹಾಗೂ ಸೆಫಲೋಸ್ಪೋರಿನ್ ಗುಂಪಿನ ಬಹುತೇಕ ಔಷಧಗಳಿಗೆ ಬಗ್ಗುವುದಿಲ್ಲ. ಇವನ್ನು ಮೆಥಿಸಿಲಿನ್ ನಿರೋಧಕ ಸ್ಟ್ಯಾಫಿಲೊಕಾಕಸ್ ಔರಿಯಸ್ (ಎಂ.ಆರ್.ಎಸ್.ಎ.) ಎನ್ನುತ್ತಾರೆ. ಹಸುವಿನ ಕೆಚ್ಚಲುಬಾವಿನಲ್ಲಿ ಇವು ಮೊದಲು ವರದಿಯಾದದ್ದು 1972ರಲ್ಲಿ, ಬೆಲ್ಜಿಯಂ ದೇಶದಲ್ಲಿ. ಭಾರತದಲ್ಲಿಯೂ ಬಾವಿನ ಹಾಲಿನಿಂದ ಇವನ್ನು ಬೇರ್ಪಡಿಸಲಾಗಿದೆ. ಪ್ರಯೋಗಾಲಯವು ಇಂತಹ ತಳಿಯನ್ನು ಗುರುತಿಸದೆ ‘ಔಷಧಕ್ಕೆ ಬಗ್ಗುತ್ತದೆ’ ಎಂದು ವರದಿ ನೀಡಿದರೆ ಚಿಕಿತ್ಸೆ ವಿಫಲವಾಗಿ, ಕೆಚ್ಚಲಿನ ಭಾಗವೇ ನಷ್ಟವಾಗಬಹುದು. ಹಾಲು ಕರೆಯುವವರಿಗೂ ಸೋಂಕು ತಗುಲಬಹುದು.

ಪರೀಕ್ಷೆಗಳು ಎಡವುವುದೇಕೆ?

ಪೆನಿಸಿಲಿನ್ ವರ್ಗದ ಔಷಧಗಳು ಸೂಕ್ಷ್ಮಾಣುವಿನ ಕೋಶಭಿತ್ತಿ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನು ತಡೆಯುತ್ತವೆ. ಎಂ.ಆರ್.ಎಸ್.ಎ. ತಳಿಗಳಲ್ಲಿರುವ ಮೆಕ್-ಎ ಎಂಬ ವಂಶವಾಹಿಯು, ಔಷಧವು ಅಂಟಲಾರದ ಬದಲಿ ಪ್ರೋಟೀನನ್ನು (ಪಿ.ಬಿ.ಪಿ.-2ಎ) ತಯಾರಿಸುತ್ತದೆ. ಬಹುತೇಕ ತ್ವರಿತ ಪರೀಕ್ಷೆಗಳು ಈ ವಂಶವಾಹಿಯನ್ನು ಅಥವಾ ಈ ಪ್ರೋಟೀನನ್ನು ಮಾತ್ರ ಹುಡುಕುತ್ತವೆ.

2007ರಲ್ಲಿ ಇಂಗ್ಲೆಂಡಿನ ಡೇರಿಯೊಂದರ ಸಂಗ್ರಹ ತೊಟ್ಟಿಯ ಹಾಲಿನಿಂದ ಬೇರ್ಪಡಿಸಿದ ತಳಿಯೊಂದು ಮೆಥಿಸಿಲಿನ್ ನಿರೋಧಕವಾಗಿದ್ದರೂ ಮೆಕ್-ಎ ಪಿ.ಸಿ.ಆರ್. ಪರೀಕ್ಷೆಯಲ್ಲಿ ಋಣಾತ್ಮಕವಾಗಿತ್ತು. ಅದರಲ್ಲಿ ಮೆಕ್-ಎಯನ್ನು ಸುಮಾರು 70% ಮಾತ್ರ ಹೋಲುವ ಬೇರೊಂದು ವಂಶವಾಹಿ ಇರುವುದನ್ನು ಕೇಂಬ್ರಿಡ್ಜ್‌ನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂದೆ ಮೆಕ್-ಸಿ ಎಂಬ ಹೆಸರು ಬಂದಿತು. ಈ ಭಿನ್ನತೆಯಿಂದಾಗಿ ಮೆಕ್-ಎಗಾಗಿ ರೂಪಿಸಿದ ಪಿ.ಸಿ.ಆರ್. ಇದನ್ನು ಗುರುತಿಸುವುದಿಲ್ಲ, ಪಿ.ಬಿ.ಪಿ.-2ಎ ಆಧಾರಿತ ಒಟ್ಟುಗೂಡುವಿಕೆ ಪರೀಕ್ಷೆಯೂ ಸಾಮಾನ್ಯವಾಗಿ ತಪ್ಪುತ್ತದೆ. ಡೆನ್ಮಾರ್ಕಿನಲ್ಲಿ ರಾಸುಗಳಿಂದ ಮನುಷ್ಯರಿಗೆ ಈ ತಳಿ ಹರಡಿರುವುದಕ್ಕೆ ಜೀನೋಮ್ ಅಧ್ಯಯನವು ಪುರಾವೆ ಒದಗಿಸಿದೆ.

ಇದಕ್ಕೆ ವ್ಯತಿರಿಕ್ತವಾದ ಸಂದರ್ಭವೂ ಉಂಟು. ಕೆಲವು ತಳಿಗಳಲ್ಲಿ ಮೆಕ್-ಎ ಇದ್ದರೂ ಆಕ್ಸಾಸಿಲಿನ್ ಪರೀಕ್ಷೆಯಲ್ಲಿ ಅವು ಔಷಧಕ್ಕೆ ಬಗ್ಗುವಂತೆ ತೋರುತ್ತವೆ. ಔಷಧದ ಒತ್ತಡ ಬಿದ್ದಾಗ ಇವುಗಳಲ್ಲಿ ನಿರೋಧಕತೆ ಪ್ರಕಟವಾಗಬಹುದು.

ಪ್ರಯೋಗಾಲಯದಲ್ಲಿ ಅನುಸರಿಸಬೇಕಾದ ಕ್ರಮ

1. ಆಕ್ಸಾಸಿಲಿನ್ ಒಂದನ್ನೇ ಅವಲಂಬಿಸದೆ, 30 ಮೈಕ್ರೋಗ್ರಾಂ ಸೆಫಾಕ್ಸಿಟಿನ್ ಬಿಲ್ಲೆಯನ್ನು ಮ್ಯುಲ್ಲರ್-ಹಿಂಟನ್ ಅಗಾರ್ ಮೇಲೆ ಬಳಸಬೇಕು. ಮೆಕ್-ಎ ಮತ್ತು ಮೆಕ್-ಸಿ ಎರಡನ್ನೂ ಗುರುತಿಸಲು ಇದು ಹೆಚ್ಚು ನಂಬಲರ್ಹ.
2. ಉಷ್ಣಾಂಶ 33–35 ಡಿಗ್ರಿ ಸೆಲ್ಸಿಯಸ್ ಇರಬೇಕು. 35 ಡಿಗ್ರಿ ಮೀರಿದರೆ ನಿರೋಧಕತೆ ಮರೆಯಾಗುವ ಸಂಭವವಿದೆ.
3. 16–18 ಗಂಟೆಗಳ ನಂತರ ಬಿಲ್ಲೆಯ ಸುತ್ತಲಿನ ಬೆಳವಣಿಗೆರಹಿತ ವಲಯದ ವ್ಯಾಸ ಅಳೆಯಬೇಕು. 21 ಮಿ.ಮೀ. ಅಥವಾ ಕಡಿಮೆ ಇದ್ದರೆ ನಿರೋಧಕ, 22 ಮಿ.ಮೀ. ಅಥವಾ ಹೆಚ್ಚಿದ್ದರೆ ಬಗ್ಗುವ ತಳಿ.
4. ಸೆಫಾಕ್ಸಿಟಿನ್‌ಗೆ ನಿರೋಧಕವಾಗಿದ್ದು ಮೆಕ್-ಎ ಕಂಡುಬಾರದಿದ್ದಲ್ಲಿ ಫಲಿತಾಂಶವನ್ನು ‘ಋಣಾತ್ಮಕ’ ಎಂದು ಮುಗಿಸದೆ, ಮೆಕ್-ಸಿ ಪಿ.ಸಿ.ಆರ್. ನಡೆಸಬೇಕು.
5. ಮೆಕ್-ಎ ಅಥವಾ ಮೆಕ್-ಸಿ ದೃಢಪಟ್ಟಲ್ಲಿ, ಆಕ್ಸಾಸಿಲಿನ್ ಫಲಿತಾಂಶ ಏನೇ ಇರಲಿ, ತಳಿಯನ್ನು ಎಂ.ಆರ್.ಎಸ್.ಎ. ಎಂದೇ ವರದಿ ಮಾಡಬೇಕು.

ಹಾಲಿನ ಮಾದರಿ ಸಂಗ್ರಹ

ಔಷಧ ನೀಡುವ ಮೊದಲೇ ಮಾದರಿ ತೆಗೆಯತಕ್ಕದ್ದು. ಕೈ ಹಾಗೂ ಮೊಲೆತೊಟ್ಟನ್ನು ತೊಳೆದು ಒರೆಸಿ, ತೊಟ್ಟಿನ ತುದಿಯನ್ನು 70% ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಉಜ್ಜಬೇಕು. ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಪಾತ್ರೆಗೆ ಕರೆದು ವಿಲೇವಾರಿ ಮಾಡಿ, ಅನಂತರದ ಹಾಲನ್ನು ಕ್ರಿಮಿರಹಿತ ಸೀಸೆಯಲ್ಲಿ ಸಂಗ್ರಹಿಸಬೇಕು. ರಾಸಿನ ಗುರುತು, ಕೆಚ್ಚಲಿನ ಭಾಗ ಮತ್ತು ದಿನಾಂಕ ಬರೆದು, ಮಂಜುಗಡ್ಡೆಯಲ್ಲಿಟ್ಟು 24 ಗಂಟೆಗಳೊಳಗೆ ತಲುಪಿಸಬೇಕು. ಹಿಂದೆ ನೀಡಿದ ಔಷಧದ ಹೆಸರನ್ನೂ ನಮೂದಿಸುವುದು ಅವಶ್ಯ. ಕ್ಯಾಲಿಫೋರ್ನಿಯಾ ಕೆಚ್ಚಲುಬಾವು ಪರೀಕ್ಷೆಯು ಬಾವನ್ನು ಸೂಚಿಸುತ್ತದೆಯೇ ಹೊರತು ಸೂಕ್ಷ್ಮಾಣುವಿನ ಬಗೆಯನ್ನಾಗಲಿ ನಿರೋಧಕತೆಯನ್ನಾಗಲಿ ತಿಳಿಸುವುದಿಲ್ಲ.

ರೈತರು ಗಮನಿಸಬೇಕಾದ ಅಂಶಗಳು

- ಸೋಂಕಿತ ರಾಸನ್ನು ಕೊನೆಯಲ್ಲಿ ಕರೆಯಬೇಕು. ಪ್ರತಿ ರಾಸಿನ ನಂತರ ಕೈ ತೊಳೆಯಬೇಕು. ಕರೆದ ಬಳಿಕ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು.
- ಉಳಿದ ಟ್ಯೂಬ್‌ಗಳನ್ನು ಸ್ವಂತ ನಿರ್ಧಾರದಿಂದ ಬಳಸಬಾರದು. ಪಶುವೈದ್ಯರು ಸೂಚಿಸಿದ ಅವಧಿಯನ್ನು ಪೂರ್ಣಗೊಳಿಸಬೇಕು.
- ಬಾವಿನ ಹಾಲನ್ನು ಡೇರಿಗೆ ಹಾಕಬಾರದು, ಕರುವಿಗೂ ಕುಡಿಸಬಾರದು. ಕಾಯಿಸಿದರೆ ಸೂಕ್ಷ್ಮಾಣು ಸಾಯುತ್ತದೆ. ಆದರೆ ಅದು ಈಗಾಗಲೇ ಉತ್ಪಾದಿಸಿದ ವಿಷವು ಶಾಖಕ್ಕೆ ಸುಲಭವಾಗಿ ನಾಶವಾಗುವುದಿಲ್ಲ.
- ಹಾಲು ಕರೆಯುವವರ ಕೈಯಲ್ಲಿ ಕೀವುಗುಳ್ಳೆ ಅಥವಾ ಮಾಯದ ಗಾಯವಿದ್ದಲ್ಲಿ ವೈದ್ಯರನ್ನು ಕಾಣಬೇಕು. ರಾಸಿನ ವರದಿಯನ್ನೂ ತೋರಿಸಬೇಕು.

‘ಔಷಧಕ್ಕೆ ಬಗ್ಗುತ್ತದೆ’ ಎಂಬ ವರದಿ ಇದ್ದೂ ಚಿಕಿತ್ಸೆ ಫಲಿಸದಿದ್ದಲ್ಲಿ, ಬೇರೊಂದು ಔಷಧಕ್ಕೆ ತಾವಾಗಿಯೇ ಬದಲಿಸುವ ಬದಲು ಮಾದರಿಯನ್ನು ಸೆಫಾಕ್ಸಿಟಿನ್ ಹಾಗೂ ಮೆಕ್-ಸಿ ಪರೀಕ್ಷೆಗಾಗಿ ಮತ್ತೊಮ್ಮೆ ಕಳುಹಿಸುವಂತೆ ಪಶುವೈದ್ಯರನ್ನು ಕೋರುವುದು ಸೂಕ್ತ.